ಹುಣಸೆ ಸುಟ್ಟ ಇಟ್ಟಿಗೆ

“ಗುರುಗಳೇ, ಇಟ್ಟಿಗೆಯ ಮನೆ, ಕಲ್ಲಿನ ಮನೆ, ಮಣ್ಣಿನ ಮನೆ ಇವುಗಳಲ್ಲಿ ಭೂಮಿಗೆ ಕಡಿಮೆ ನೋವು ಕೊಡುವುದು ಯಾವುದು?” ಎಂದು ಶಿಷ್ಯ ಚನ್ನಮಲ್ಲ ಕೇಳಿದ. ಅವನ ಕೈಯಲ್ಲಿ ಹಾರೆಯಿತ್ತು. ಮಠದ ಹಳೆಯ ಇಟ್ಟಿಗೆಯ ಪಡಸಾಲೆಯನ್ನು ಕೆಡವಿ ಮಣ್ಣಿನದು ಕಟ್ಟಬೇಕೆಂದು ಬೆಳಗಿನಿಂದ ಹಟ ಹಿಡಿದಿದ್ದ.

ಗುರುಗಳು ಹಾರೆಯನ್ನು ನೋಡಿ ನಕ್ಕರು. “ಮಣ್ಣಿನದೇ. ಕಲ್ಲಿಗೆ ಗುಡ್ಡ ಒಡೆಯಬೇಕು, ಇಟ್ಟಿಗೆಗೆ ಮರ ಉರಿಸಬೇಕು. ಮಣ್ಣಿನ ಗೋಡೆ ಬಿಸಿಲಿನಲ್ಲೇ ಒಣಗುತ್ತದೆ. ಉತ್ತರ ಸಿಕ್ಕಿತಲ್ಲ? ಇನ್ನು ಕೂತು ಕತೆ ಕೇಳು.”

ಒಬ್ಬ ವ್ಯಾಪಾರಿ ಇಟ್ಟಿಗೆಯ ಮನೆ ಕಟ್ಟಿಸಿದ. ಇಟ್ಟಿಗೆ ಸುಡಲು ಊರ ಹುಣಸೆತೋಪೆಲ್ಲ ಗೂಡಿನ ಬೆಂಕಿಗೆ ಹೋಯಿತು. ಆ ತೋಪಿನ ಹಣ್ಣು ಆಯ್ದು ಮಾರಿ ಬದುಕುತ್ತಿದ್ದ ಮುದುಕಿಯೊಬ್ಬಳು ಅಂದಿನಿಂದ ಗೋಮಾಳದ ಹುಲ್ಲು ಕೊಯ್ದು ಮಾರತೊಡಗಿದಳು. ಪೇಟೆಗೆ ಹೋಗುವಾಗ ಅದೇ ಮನೆಯ ಜಗಲಿಯ ಮೇಲೆ ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಳು.

ಹತ್ತು ವರ್ಷಗಳ ಮೇಲೆ ವ್ಯಾಪಾರಿಗೆ ಅವಳ ಸಂಗತಿ ತಿಳಿಯಿತು. ಅವನು ಕೆಟ್ಟವನಲ್ಲ, ಅನ್ನ ಸೇರಲಿಲ್ಲ. ಆದರೆ ಪಶ್ಚಾತ್ತಾಪಕ್ಕೂ ಆತುರವಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಅವನು ಮನೆಯನ್ನೇ ಕೆಡವಿಸಿದ. ಗೋಮಾಳ ಅಗೆಸಿ ಮಣ್ಣು ತರಿಸಿದ. ಹಳೆಯ ತೊಲೆಗಳು ಬೀಳುವಾಗ ಸೀಳಿಹೋಗಿದ್ದವು. ಹೊಸ ತೊಲೆಗೆಂದು ಕೆರೆಯ ಏರಿಯ ಹೊನ್ನೆಮರಗಳನ್ನು ಕಡಿಸಿದ.

ಮಣ್ಣಿನ ಗೋಡೆ ಎದ್ದ ಮೇಲೆ ಮುದುಕಿಯನ್ನು ಕರೆಸಿ, “ಅಜ್ಜೀ, ನಿನ್ನ ಮರಗಳನ್ನು ತಿಂದ ಮನೆ ಹೋಯಿತು. ಈಗ ಸಮಾಧಾನವೇ?” ಎಂದ.

ಮುದುಕಿ ಇಟ್ಟಿಗೆ ಚೂರುಗಳ ರಾಶಿಯ ಪಕ್ಕದಲ್ಲಿ ಕುಸಿದು ಕೂತು ಅತ್ತಳು.

“ನನ್ ಮರಗೋಳು ಉರಿದಾಗ ಬಲು ಸಂಕ್ಟ ಆಯ್ತು ಸೆಟ್ರೇ. ಹೋಗ್ಲಿ, ನಾಕು ಜನಕ್ಕೆ ನೆಳ್ಳಾದ್ವಲ್ಲ ಅಂತ ನಿಮ್ ಜಗಲಿ ಮ್ಯಾಲೆ ಕುಂತ್ಕಂಡು ಸುದಾರಿಸ್ಕೊತಿದ್ದೆ. ಇವತ್ತು ಅವು ಸುಮ್‌ಸುಮ್ನೆ ಸತ್ತಂಗಾಯ್ತು. ಗೋಮಾಳ ಅಗೆಸಿದ್ರಿ, ಹುಲ್ಲೂ ಹೋಯ್ತು.”



ಕತೆ ಕೇಳಿದ ಚನ್ನಮಲ್ಲನ ಕಣ್ಣು ಒದ್ದೆಯಾಗಿತ್ತು. ಹಾರೆಯನ್ನು ಕೆಳಗಿಟ್ಟು, “ಹಾಗಾದರೆ ಮಣ್ಣಿನ ಮನೆ ಕಟ್ಟುವುದು ತಪ್ಪೇ, ಗುರುಗಳೇ?” ಎಂದ.

ಗುರುಗಳು ಪಡಸಾಲೆಯ ಗೋಡೆಗೆ ಒರಗಿ ಹೇಳಿದರು: “ಮನೆಯಿಲ್ಲದವನು ಮಣ್ಣಿನಲ್ಲೇ ಕಟ್ಟಲಿ, ಮಗು, ಇರುವುದನ್ನು ಕೆಡವಿ ಕಟ್ಟಿದರೆ ಭೂಮಿತಾಯಿ ಒಂದು ಮನೆಗೆ ಎರಡು ಸಲ ನೋವು ತಿನ್ನುತ್ತಾಳೆ.”