ಸವೆದ ಅಂಚು

ಚೋಮಯ್ಯ ಬಂದಾಗ ಹೊಳೆದಂಡೆಯ ಕುಲುಮೆಗೆ ಆಗತಾನೆ ಬೆಂಕಿ ಬಿದ್ದಿತ್ತು.

ತಿದಿ ಒತ್ತುತ್ತಿದ್ದ ಮಾಚ ತಲೆಯೆತ್ತಿದ. ಚೋಮಯ್ಯನ ಅಂಗಿಯ ಮೇಲೆ ರಕ್ತ ಒಣಗಿತ್ತು. ಕೈಯಲ್ಲಿ ಕೋವಿ. ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಗಜದ ಸರಳಿನಿಂದ ಗುಂಡು ಇಳಿಸುವ ಹಳೇ ಕೋವಿ. ಹೋದ ತಿಂಗಳು ಮಾಚನೇ ರಿಪೇರಿ ಮಾಡಿ ಕೊಟ್ಟದ್ದು.

"ಆಚಾರ್ರೇ," ಅಂದ ಚೋಮಯ್ಯ, ಮಾಚನ ಗುರು ಈರಾಚಾರಿಗೆ. "ಹುಲಿ ನನ್ನ ತಮ್ಮನ ಮೇಲೆ ಬಿದ್ದಿತ್ತು. ಹೊಡೆದೆ. ಹುಲಿ ಎದ್ದು ಹೋಯ್ತು. ಗುಂಡು ತಮ್ಮನ ಕತ್ತಿನಲ್ಲಿತ್ತು."

ಚೋಮಯ್ಯ ಕೋವಿಯನ್ನು ಅವನತ್ತ ನೀಡಿದ.

"ಹೆಣ ಅಂಗಳದಲ್ಲಿದೆ. ಸಾವಿನ ಎರಡು ಈಡು ಹಾರಿಸಿ ಊರಿಗೆ ತಿಳಿಸಬೇಕು. ಮನೇಲಿರೋದು ಇದೊಂದೇ ಕೋವಿ. ಅದಕ್ಕೆ ಮೊದಲು ಹೇಳಿ. ತಪ್ಪಿದ್ದು ನನ್ನ ಕೈಯೋ, ಕೋವಿಯೋ?"

ಮುದುಕ ಈರಾಚಾರಿ ಕೋವಿ ಈಸಿಕೊಂಡು ಮಾಚನ ಮುಂದೆ ಹಿಡಿದ. "ಬಾಯಿ ಸುತ್ತ ಉಗುರು ಆಡಿಸು."

ಮುಕ್ಕಾಲು ಸುತ್ತು ಅಂಚು ಚೂಪಾಗಿತ್ತು. ಒಂದು ಕಡೆ ಉಗುರು ಜಾರಿತು. ವರ್ಷಗಟ್ಟಲೆ ಗಜ ಉಜ್ಜಿ ಉಜ್ಜಿ ಸವೆದ ಜಾಗ. ಹೋದ ತಿಂಗಳೂ ಜಾರಿತ್ತು.

"ಗುಂಡು ಕಟ್ಟಕಡೆಗೆ ಮುಟ್ಟೋದು ಇಲ್ಲಿ," ಅಂದ ಗುರು. "ಹೊಗೆ ಸವೆದ ಕಡೆಯಿಂದ ಮೊದಲು ನುಗ್ಗಿ ಗುಂಡನ್ನ ಓರೆಗೆ ತಳ್ಳುತ್ತೆ, ಒಂದೊಂದು ಈಡಿಗೆ ಒಂದೊಂದಷ್ಟು. ದೂರ ಹೋದಷ್ಟೂ ಹೆಚ್ಚು. ನೀನೇನು ಮಾಡಿದೆ?"

"ತುದಿಯ ಗುರಿಮುಳ್ಳನ್ನ ಕೂದಲೆಳೆಯಷ್ಟು ಪಕ್ಕಕ್ಕೆ ತಟ್ಟಿದೆ. ಇಪ್ಪತ್ತು ಹೆಜ್ಜೆಯಲ್ಲಿ ಕಾಯಿಚಿಪ್ಪಿಗೆ ಸರಿಯಾಗಿ ಬಿತ್ತು."

"ಎಷ್ಟು ಈಡು ಹಾರಿಸಿ ನೋಡಿದೆ?"

"ಒಂದು."

"ಹುಲಿ ಎಷ್ಟು ದೂರ ಇತ್ತಪ್ಪಾ?"

"ಅರವತ್ತು ಹೆಜ್ಜೆ," ಅಂದ ಚೋಮಯ್ಯ.

ಮಾಚ ಸವೆದ ಅಂಚಿನಿಂದ ಬೆರಳು ತೆಗೆದ. "ಹಂದಿ ಬೆದರಿಸೋ ಕೋವಿ, ಇಷ್ಟು ಸಾಕು ಅಂದ್ಕೊಂಡೆ."

"ನನಗ್ಯಾಕೆ ಹೇಳ್ತೀಯ? ಕೇಳಿದೋನು ಅವನು."

ಮಾಚ ತಿರುಗಿದ. ಚೋಮಯ್ಯನ ಕಣ್ಣು ನೋಡಲಾಗದೆ ಅಂಗಿಯ ಕಲೆ ನೋಡಿದ.

"ನಿಮ್ಮ ಕೈ ತಪ್ಪಲಿಲ್ಲ, ಅಣ್ಣಾ. ತಪ್ಪಿದ್ದು ನಾನು."

ಚೋಮಯ್ಯ ಹೊಡೆಯಲಿಲ್ಲ, ಬೈಯಲೂ ಇಲ್ಲ. ಬಾಗಿಲ ಕಲ್ಲಿನ ಮೇಲೆ ಕೂತು ತನ್ನ ಎರಡೂ ಅಂಗೈ ನೋಡಿಕೊಂಡ.

ಗುರು ಗರಗಸ ಮುಂದೆ ಚಾಚಿದ.

ಮಾಚ ನಳಿಗೆಯ ತುದಿಯನ್ನು, ಗುರಿಮುಳ್ಳಿಗೆ ತಾಗದಂತೆ, ಅರ್ಧ ಬೆರಳಗಲ ಕತ್ತರಿಸಿದ. ಅರ ಹಿಡಿದು ಮಟ್ಟ ಮಾಡಿದ. ಗುರಿಮುಳ್ಳನ್ನು ಹಳೇ ಜಾಗಕ್ಕೆ ತಟ್ಟಿದ. ಆಮೇಲೆ ಹಿತ್ತಾಳೆಯ ಉಂಡೆಗೆ ಎಣ್ಣೆ, ನುಣ್ಣನೆ ಮರಳು ಬಳಿದು, ಹೊಸ ಬಾಯಿಗೆ ಒತ್ತಿ, ಸುತ್ತ ಒಂದೇ ಸಮ ಬರುವಂತೆ ಉಜ್ಜತೊಡಗಿದ.

ಬಿಸಿಲೇರಿತು. ಹೊಳೆಯಾಚೆಯಿಂದ, ಚೋಮಯ್ಯನ ಮನೆಯ ಹೆಂಗಸರ ಅಳು ಕೇಳಿಸಿತು.

ಮಾಚನ ಕೈ ನಿಂತಿತು.

"ಗುರುಗಳೇ, ಅಲ್ಲಿ ಹೆಣ ಕಾಯ್ತಿದೆ. ಈ ಎರಡು ಈಡು ಹೋಗೋದು ಆಕಾಶಕ್ಕೆ. ಅದಕ್ಕೆಂಥ ಗುರಿ? ಇಷ್ಟು ಸಾಕಲ್ವಾ?"

ಈರಾಚಾರಿ ಅಂಚಿನ ಸುತ್ತ ನಿಧಾನವಾಗಿ ಉಗುರು ಆಡಿಸಿದ.

"ಹೋದ ತಿಂಗಳು ಹಂದಿಗೆ ಸಾಕು ಅಂದೆ. ಈಗ ಹೆಣಕ್ಕೆ ಸಾಕು ಅಂತೀಯ. ಉಜ್ಜು."