ಅಜ್ಜನವರು ಬಾಯಿ ಕಟ್ಟಿದ ದಿನ

ಕರಿಬೋರೆಯ ಚನ್ನಮಲ್ಲಜ್ಜನವರಿಗೆ ಮಠವಿರಲಿಲ್ಲ. ಊರಿನಿಂದ ಹರದಾರಿ ದೂರದ ಬೋಳು ಬೋರೆಯ ಮೇಲೆ, ಮಾಡು ಅರ್ಧ ಕುಸಿದ ನಾಲ್ಕು ಕಂಬದ ಕಲ್ಲುಮಂಟಪವೇ ಅವರ ವಾಸಸ್ಥಾನ. ಒಂದು ಕಂಬಳಿ, ಒಂದು ಗಡಿಗೆ, ಕೊರಳಲ್ಲಿ ಇಷ್ಟಲಿಂಗ. ದಿನಕ್ಕೊಮ್ಮೆ ಊರಿನಿಂದ ಬರುವ ಜೋಳದ ರೊಟ್ಟಿಯೇ ಪ್ರಸಾದ. ಕೇಳಿದ್ದಕ್ಕೆ ನೇರ ಉತ್ತರ ಕೊಡುವ ರೂಢಿ ಪೂಜ್ಯರಿಗೆ ಕಡಿಮೆ. ಸಂಕಟ ಹೊತ್ತು ಬೋರೆ ಹತ್ತಿದವರು ಒಂದು ಮಾತು ಕೇಳಿಸಿಕೊಂಡು, ಅದರ ಅರ್ಥವಾಗದೆ, ತಲೆ ಕೆರೆದುಕೊಳ್ಳುತ್ತ ಇಳಿಯುತ್ತಿದ್ದರು. ಭಕ್ತರಾದ ನಾವೇ ಎಷ್ಟೋ ಸಲ ಬೇಸತ್ತಿದ್ದೇವೆ; ಸುಳ್ಳೇಕೆ ಹೇಳಬೇಕು. ಆದರೆ ಕುರುಬರ ಮಾಳವ್ವನಷ್ಟು ಬೇಸತ್ತವರು ಇನ್ನೊಬ್ಬರಿರಲಿಕ್ಕಿಲ್ಲ.

ಮಾಳವ್ವ ದೇವರು ದಿಂಡರ ಗೊಡವೆಗೆ ಹೋದವಳಲ್ಲ. ಆ ವರ್ಷ ಅವಳ ಗಂಡ ಹಾಲಪ್ಪ ಕುರಿಗೆ ಸೊಪ್ಪು ಕಡಿಯಲು ಬನ್ನಿಮರ ಹತ್ತಿ, ಬಿದ್ದು ಕಾಲು ಮುರಿದುಕೊಂಡು ಮನೆ ಹಿಡಿದ. ಅರವತ್ತು ಕುರಿಗಳ ಹಿಂಡು ಅವಳ ಪಾಲಿಗೆ ಬಂತು. ಕಾರ್ತಿಕದಲ್ಲಿ ಹುಲ್ಲು ಸೊಂಟದುದ್ದ ಬೆಳೆದಿತ್ತು; ಆ ಹುಲ್ಲಿನ ಮರೆಯಿಂದ ತೋಳ ಬಂದು ಎಂಟೇ ದಿನದಲ್ಲಿ ಎರಡು ಮರಿಗಳನ್ನು ಎತ್ತಿಕೊಂಡು ಹೋಯಿತು. ಮನೆಯಲ್ಲಿ ಗಂಡನ ನರಳಾಟ, ಹೊರಗೆ ತೋಳದ ಕಾಟ. ಮಾಳವ್ವ ಬಡಿಗೆ ಹಿಡಿದು ನೆಟ್ಟಗೆ ಮಂಟಪಕ್ಕೆ ಬಂದಳು. ನಮಸ್ಕರಿಸಲಿಲ್ಲ.

"ಅಜ್ಜಾರ, ನನಗ ಭಕ್ತಿಗಿಕ್ತಿ ತಿಳಿಯಂಗಿಲ್ಲ. ತೋಳದ ಬಾಯಿ ಕಟ್ಟೋ ಮಂತ್ರ ನಿಮಗ ಬರತೈತಂತ. ಕಟ್ಟಿಬಿಡ್ರಿ."

ಹಿರಿಯರು ಮಂತ್ರ ಹಾಕಿದರೆ ಕಾಡುಮೃಗ ಹಿಂಡಿನ ಮೇಲೆ ಬಾಯಿ ತೆರೆಯುವುದಿಲ್ಲ ಎಂಬುದು ಆ ಸೀಮೆಯ ನಂಬಿಕೆ. ಅಜ್ಜನವರು ಅವಳನ್ನು ನೋಡಿದರು.

"ಯಾರ್ಯಾರ ಬಾಯಿ ಕಟ್ಟಲಿ?"

"ತೋಳದ್ದು ಅಂದ್ನೆಲ್ರಿ."

"ಅದೊಂದ ಕಟ್ಟಾಕ ಬರಂಗಿಲ್ಲ, ಯವ್ವಾ."

ಅಷ್ಟು ಹೇಳಿ ಪೂಜ್ಯರು ಕಣ್ಣು ಮುಚ್ಚಿದರು. ಕಂಬದ ನೆರಳು ಒಂದು ಮಾರು ಸರಿಯುವವರೆಗೂ ಅವಳು ಕಾದಳು. ಅವರು ಕಣ್ಣು ತೆರೆಯಲಿಲ್ಲ. "ದೇವ್ರಿಗೂ ಕುರಿ ಬೇಕು, ತೋಳಕ್ಕೂ ಕುರಿ ಬೇಕು, ಹಿಕ್ಕಿ ಬಳಿಯಾಕ ನಾನು," ಎಂದು ಗೊಣಗುತ್ತ ಇಳಿದಳು.

ನಾಲ್ಕು ದಿನದ ಮೇಲೆ ಮತ್ತೆ ಬಂದಳು. ಈ ಸಲ ಅವಳು ಬಾಯಿ ತೆರೆಯುವ ಮೊದಲೇ ಅಜ್ಜನವರು ಕೇಳಿದರು:

"ನಿನ್ನ ಹುಲ್ಲುಗಾವಲಿನ್ಯಾಗ ಹುಲ್ಲೆಷ್ಟೈತಿ?"

"ಹುಲ್ಲು ಎಣಸಾಕ ಬರತೈತೇನ್ರಿ?"

"ಮೇಯೋವು?"

"ಊರ ಕುರಿ ಎಲ್ಲಾ ಸೇರಿದ್ರ ಆರುನೂರಿದ್ದಾವು. ಮೊಲ, ಇಲಿ, ಮಿಡತಿ ಲೆಕ್ಕಕ್ಕ ಸಿಗಂಗಿಲ್ಲ."

"ತೋಳ?"

"ಎರಡು. ಒಂದು ಗಂಡು, ಒಂದು ಹೆಣ್ಣು."

"ಯಾಕ ಬರೀ ಎರಡ ಅದಾವು?"

ಮಾಳವ್ವನ ತಾಳ್ಮೆ ಅಲ್ಲಿಗೆ ಮುಗಿಯಿತು. "ಅಜ್ಜಾರ, ನಾ ಇಲ್ಲಿಗೆ ಸಾಲಿ ಕಲಿಯಾಕ ಬಂದಿಲ್ಲ. ಇವತ್ತು ಎರಡದಾವು, ನಾಳೆ ಇಪ್ಪತ್ತಾಗತಾವು, ನನ್ನ ಹಟ್ಟಿ ಬರಿದು ಮಾಡತಾವು. ಮಂತ್ರ ಬರೂದಿಲ್ಲಂದ್ರ ಬರೂದಿಲ್ಲ ಅನ್ರಿ. ಬೋರಿ ಹತ್ತಿ ಇಳಿದು ನನ್ನ ಮೊಣಕಾಲು ಹೋಗ್ಯಾವು." ಅವಳು ಬಡಿಗೆಯನ್ನು ಕಲ್ಲಿಗೆ ಕುಟ್ಟಿ ಹೊರಟುಹೋದಳು.

ಮರುದಿನ ಬೆಳಕು ಹರಿಯುವಾಗ ತೋಳ ಹಿಂಡಿನ ಮುಂದಾಳಾದ ದೊಡ್ಡ ಕುರಿಯನ್ನೇ ಕೆಡವಿತು. ಕೆಂಚ ಎಂಬ ಅವಳ ನಾಯಿ ಬೊಗಳಿದ್ದಕ್ಕೆ ತೋಳವೇನೋ ಓಡಿತು, ಕುರಿ ಉಳಿಯಲಿಲ್ಲ. ಅದು ಹಾಲಪ್ಪ ಕೈಯಾರೆ ಹಾಲು ಕುಡಿಸಿ ಬೆಳೆಸಿದ ಕುರಿ. ಮಾಳವ್ವ ಅಳಲಿಲ್ಲ. ಸಂತೆಯಿಂದ ತಂದಿಟ್ಟಿದ್ದ ವಿಷದ ಪೊಟ್ಟಣವನ್ನು ಬಿಚ್ಚಿ ಸತ್ತ ಕುರಿಯ ಮೈತುಂಬ ಸವರಿ, ಹಳ್ಳದ ದಂಡೆಯಲ್ಲಿ ಕೆಡವಿದಳು. ಉಳಿದ ಕುರಿಗಳನ್ನು ಹಳ್ಳದ ಹತ್ತಿರದ ಕುರಿಹಟ್ಟಿಗೆ ಕೂಡಿ, ಕೆಂಚನನ್ನು ಅಲ್ಲೇ ಕಾವಲಿಗೆ ಬಿಟ್ಟು, ಗಂಡನಿಗೆ ಅಂಬಲಿ ಕಾಸಲು ಊರಿನ ಕಡೆ ನಡೆದಳು. ಬೋರೆಯ ಬುಡದಲ್ಲಿ ನಿಂತು ಮೇಲಕ್ಕೆ ಕೂಗಿ ಹೇಳಿದಳು:

"ಅಜ್ಜಾರ, ಇನ್ನ ನಿಮ್ಮ ಮಂತ್ರ ಬ್ಯಾಡ. ಸತ್ತ ಕುರಿಗೆ ವಿಷ ಹಚ್ಚಿ ಹಳ್ಳದ ದಂಡ್ಯಾಗ ಇಟ್ಟೀನಿ. ತಿಂದು ಸಾಯ್ಲಿ."

ಅಜ್ಜನವರು ಬೋರೆ ಇಳಿದು ಹನ್ನೆರಡು ವರ್ಷವಾಗಿತ್ತು. ಊರಿನ ಹಿರಿಯರು ಪಲ್ಲಕ್ಕಿ ತಂದು ಕರೆದಾಗಲೂ ಇಳಿದವರಲ್ಲ. ಅಂದು ಇಳಿದರು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಒಬ್ಬರೇ ಹಳ್ಳದ ಕಡೆ ಹೊರಟರು.

ಮಧ್ಯಾಹ್ನ ಮಾಳವ್ವ ಮರಳಿ ಬರುವಾಗ ಹಳ್ಳದ ಮೇಲೆ ರಣಹದ್ದುಗಳು ಸುತ್ತುತ್ತಿದ್ದವು. ಇಳಿಯುತ್ತಿದ್ದವು, ಮತ್ತೆ ಏಳುತ್ತಿದ್ದವು. ಅವಳು ಬಿರಬಿರನೆ ನಡೆದಳು. ಹತ್ತಿರ ಹೋದಾಗ ಕಂಡದ್ದು ಹೀಗೆ: ಸತ್ತ ಕುರಿಯ ತಲೆಯ ಬಳಿ ಅಜ್ಜನವರು ಬರಿಮೈಯಲ್ಲಿ ನಿಂತಿದ್ದಾರೆ. ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು ಬೀಸುತ್ತಿದ್ದಾರೆ. ಕಾಗೆಗಳು ಒಂದು ಕಡೆಯಿಂದ ಎದ್ದರೆ ಇನ್ನೊಂದು ಕಡೆ ಕೂರುತ್ತವೆ. ಆಚೆ ಬಂಡೆಯ ಮೇಲೆ ಏಳೆಂಟು ರಣಹದ್ದು ಕತ್ತು ಚಾಚಿ ಕೂತಿವೆ. ಜಾಲಿಯ ಮರೆಯಲ್ಲಿ ನರಿಯೊಂದು ಹೊಂಚುತ್ತಿದೆ. ಉಡವೊಂದು ನಾಲಿಗೆ ಹೊರಚಾಚುತ್ತ ಹರಿದು ಬರುತ್ತಿದೆ. ಪೂಜ್ಯರು ಪಾದದಿಂದ ಮಣ್ಣು ಚಿಮ್ಮಿ ಅದನ್ನು ಹಿಂದಕ್ಕಟ್ಟಿದರು. ಅವರ ಮುಂಗೈಯಲ್ಲಿ ಹದ್ದಿನ ಉಗುರು ಗೀರಿದ ಗಾಯವಿತ್ತು. ಧ್ವನಿ ಕೂಗಿ ಕೂಗಿ ಒಡೆದುಹೋಗಿತ್ತು. ಅಷ್ಟು ವರ್ಷದಲ್ಲಿ ಅವರ ಮುಖದ ಮೇಲೆ ಬೇಸರ ಕಂಡವರಿರಲಿಲ್ಲ. ಮಾಳವ್ವ ಅಂದು ಕಂಡಳು.

"ಏನ್ ಮಾಡಾಕತ್ತೀರಿ ಅಜ್ಜಾರ?"

"ನೀನ ಹೇಳಿದ್ಯಲ್ಲ, ಬಾಯಿ ಕಟ್ರಿ ಅಂತ. ಮುಂಜಾನಿಂದ ಕಟ್ಟಾಕತ್ತೀನಿ, ತೀರವಲ್ದು. ಬಾ, ನೀನೂ ಒಂದಿಷ್ಟು ಕಟ್ಟು."

ಅಷ್ಟರಲ್ಲಿ ಹಟ್ಟಿಯ ಕಡೆಯಿಂದ ಏನೋ ಓಡಿ ಬಂದ ಸದ್ದಾಯಿತು. ಕೆಂಚ. ಮಾಂಸದ ವಾಸನೆ ಹಿಡಿದು, ಅವಳ ಪಕ್ಕದಲ್ಲೇ ಹಾದು, ಕುರಿಯ ಹೊಟ್ಟೆಗೆ ಬಾಯಿ ಇಕ್ಕಲು ಹೋಯಿತು. ಮಾಳವ್ವ ಬಡಿಗೆ ಬಿಸುಟು ಅದರ ಮೇಲೆ ಬಿದ್ದು ಕತ್ತು ಹಿಡಿದಳು. ಎಂದೂ ಅವಳ ಮೇಲೆ ಗುರ್ ಎನ್ನದ ನಾಯಿ ಅವಳ ಅಂಗೈ ಕಚ್ಚಿತು. ಅವಳು ಬಿಡಲಿಲ್ಲ. ಹಲ್ಲಿನಿಂದ ಸೆರಗು ಸೀಳಿ, ಅದರ ಮೂತಿಗೆ ಎರಡು ಸುತ್ತು ಬಿಗಿದು, ಗಂಟು ಹಾಕಿದಳು. ಗಂಟು ಬಿಗಿಯುವಾಗ ತನ್ನ ಕೈ ಏನು ಮಾಡುತ್ತಿದೆ ಎಂಬುದು ಅವಳಿಗೆ ಹೊಳೆಯಿತು. ಅಲ್ಲೇ ಕುಕ್ಕರಿಸಿ ಕೂತಳು. ನಾಯಿ ಕುಂಯ್‌ಗುಡುತ್ತಿತ್ತು. ಸತ್ತ ಕುರಿಯ ಕಣ್ಣಿನ ಮೇಲೆ ಇರುವೆಗಳು ಸಾಲು ಹಿಡಿದಿದ್ದವು. ಅವುಗಳ ಬಾಯಿ ಕಟ್ಟಲು ಅಜ್ಜನವರಿಗೂ ಆಗಿರಲಿಲ್ಲ.

ಹಟ್ಟಿಯಿಂದ ಗುದ್ದಲಿ ಸಲಿಕೆ ತಂದು ಮಾಳವ್ವ ಗುಂಡಿ ತೋಡತೊಡಗಿದಳು. ಪೂಜ್ಯರು ಕಂಬಳಿ ಬೀಸುತ್ತಲೇ ಇದ್ದರು. ಸೊಂಟದ ಆಳಕ್ಕೆ ಇಳಿದ ಮೇಲೆ ಅವಳು ಬೆನ್ನು ನೆಟ್ಟಗೆ ಮಾಡಿ ಕೇಳಿದಳು:

"ಅಜ್ಜಾರ, ತೋಳ ಯಾಕ ಬರೀ ಎರಡ ಅದಾವು?"

"ಒಂದು ಕುರಿ ದಿನಕ್ಕೆಷ್ಟು ಮೇಯತೈತಿ?"

"ಬುಟ್ಟಿ ತುಂಬ ಮೇಯತೈತ್ರಿ."

"ಎಲ್ಲಾ ಮೈಗೆ ಹತ್ತತೈತೇನು?"

"ಎಲ್ಲಿ ಹತ್ತತೈತ್ರಿ. ತಿರುಗಾಟಕ್ಕ ಹೋಗತೈತಿ, ಉಸಿರಿಗೆ ಹೋಗತೈತಿ, ಮೈಕಾವಿಗೆ ಹೋಗತೈತಿ. ಬುಟ್ಟಿ ಮೇದ್ರ ಒಂದು ಹಿಡಿ ಹತ್ತಿದ್ರ ಹೆಚ್ಚು."

"ಕುರಿ ತಿಂದ ತೋಳಕ್ಕೂ ಅಷ್ಟ. ಬಿಸಿಲು ಹುಲ್ಲಾಗತೈತಿ, ಹುಲ್ಲು ಮೊಲ ಆಗತೈತಿ, ಕುರಿ ಆಗತೈತಿ. ಬಾಯಿಂದ ಬಾಯಿಗೆ ದಾಟಿದಂಗ ಸವೀತೈತಿ. ತುದೀಗೆ ಎರಡಕ್ಕಾಗೋವಷ್ಟು ಉಳೀತೈತಿ. ಇಪ್ಪತ್ತಾಗಾಕ ಬರಂಗಿಲ್ಲ."

ಮಾಳವ್ವ ಗುದ್ದಲಿ ಊರಿ ನಿಂತಳು. ಹತ್ತು ಹದಿನೈದು ದಿನದಿಂದ ಕಣ್ಣಿಗೆ ನಿದ್ದೆಯಿಲ್ಲದಂತೆ ಮಾಡಿದ್ದು ಆ ಇಪ್ಪತ್ತೇ.

"ಆ ಎರಡನ್ನೂ ಕೊಂದ್ರ?"

"ಮೊಲದ ಬಾಯಿ, ಇಲಿ ಬಾಯಿ ಯಾರು ಕಟ್ಟತಾರ? ಅವೂ ನಿನ್ನ ಹುಲ್ಲ ಮೇಯತಾವು."

ಮಾಳವ್ವ ಮತ್ತೆ ಗುದ್ದಲಿ ಎತ್ತಿದಳು. ಹೊತ್ತು ಇಳಿಯುವಾಗ ಕುರಿಯನ್ನು ಗುಂಡಿಗಿಳಿಸಿ, ವಿಷ ತಾಗಿದ ಮಣ್ಣನ್ನೂ ಕೆರೆದು ಒಳಕ್ಕೆ ತಳ್ಳಿ, ಮೇಲೆ ಬಂಡೆಗಲ್ಲು ಹೇರಿದರು. ಹಾಲು ಕುಡಿಸಿ ಬೆಳೆಸಿದ ಕುರಿಗಾಗಿ ಮಾಳವ್ವ ಆಗ ಅತ್ತಳು. ಅಜ್ಜನವರು ಅವಳ ಅಳು ಮುಗಿಯುವವರೆಗೆ ಕಾದು, ನಾಯಿಯ ಮೂತಿಯ ಗಂಟನ್ನು ತಮ್ಮ ಕೈಯಾರೆ ಬಿಚ್ಚಿ, ಬೋರೆಯ ಕಡೆ ನಡೆದರು.

ಮಂತ್ರವನ್ನಂತೂ ಪೂಜ್ಯರು ಕೊಡಲೇ ಇಲ್ಲ. ಮಾಳವ್ವ ಹಟ್ಟಿಗೆ ಆಳೆತ್ತರದ ಮುಳ್ಳುಬೇಲಿಯನ್ನು ಎರಡು ಸುತ್ತು ಹಾಕಿದಳು, ಇನ್ನೊಂದು ನಾಯಿ ಸಾಕಿದಳು, ಎಳೆಮರಿಗಳನ್ನು ಎತ್ತರದ ಹುಲ್ಲಿಗೆ ಬಿಡುವುದನ್ನು ನಿಲ್ಲಿಸಿದಳು. ಆದರೂ ಮಾಘಮಾಸದ ಒಂದು ಬೆಳಗ್ಗೆ ಹೆಣ್ಣುತೋಳ ಬಂದು ಅವಳ ಕಣ್ಣೆದುರೇ ಒಂದು ಮರಿಯನ್ನು ಕಚ್ಚಿಕೊಂಡು ಓಡಿತು. ಅವಳು ಬಡಿಗೆ ಎತ್ತಿ ಬೆನ್ನಟ್ಟಿದಳು. ಬಂಡೆಯ ಸಂದಿಯ ಹತ್ತಿರ ತೋಳ ಸಿಕ್ಕಿತು, ಬಡಿಗೆ ಬೀಸಿದರೆ ತಾಗುವಷ್ಟು ಹತ್ತಿರ. ಬಡಿಗೆ ಕೆಳಗಿಳಿಸಿ, ಬರಿಗೈಯಲ್ಲಿ ತಿರುಗಿ ಬಂದಳು.

ಕಾಲು ಕೂಡಿ ಕುಂಟುತ್ತ ಓಡಾಡುತ್ತಿದ್ದ ಹಾಲಪ್ಪ ಸಿಡಿಮಿಡಿಗೊಂಡು ಕೇಳಿದ: "ಕೈಗೆ ಸಿಕ್ಕಿತ್ತು ಅಂತಿ, ಯಾಕ ಹೊಡೀಲಿಲ್ಲ?"

"ಸುಮ್ನಿರು ಮಾರಾಯ," ಎಂದಳು ಮಾಳವ್ವ. "ಅದರ ಮೊಲಿ ಜೋತಿದ್ವು. ಅದೂ ಬಾಣಂತಿ."

ರೊಟ್ಟಿ ತಂದವರು ಈ ಮಾತನ್ನು ಮಂಟಪದಲ್ಲಿ ಹೇಳಿದಾಗ ಅಜ್ಜನವರು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟರು. ಎದ್ದು ನಿಂತು, ಮಾಳವ್ವನ ಹಟ್ಟಿಯಿದ್ದ ದಿಕ್ಕಿಗೆ ತಿರುಗಿ, ತಲೆಬಾಗಿ ಕೈ ಮುಗಿದರಂತೆ.