ಊದದ ಕಾಳು

ಅಜ್ಜ ಉಸಿರು ಊದದ ಕಾಳನ್ನು ಆಶ್ರಮದ ಹಕ್ಕಿಗಳು ಮುಟ್ಟುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು.

ಆಶ್ರಮ ತುಂಗಭದ್ರೆಯ ದಂಡೆಯ ಮೇಲಿತ್ತು. ದಂಡೆ ಇತ್ತು, ಏಪ್ರಿಲ್ ಮುಗಿಯುವ ಹೊತ್ತಿಗೆ ಹೊಳೆ ಅಷ್ಟಾಗಿ ಇರುತ್ತಿರಲಿಲ್ಲ. ಬಂಡೆಗಳು ಬೆಳಿಗ್ಗೆ ಒಂಬತ್ತಕ್ಕೇ ಕಾದಿರುತ್ತಿದ್ದವು. ಮಧ್ಯಾಹ್ನ ಕಾಗೆಗಳೂ ಕೂಗುವ ಉಸಾಬರಿಗೆ ಹೋಗುತ್ತಿರಲಿಲ್ಲ.

ಅಜ್ಜ ಎಂದರೆ ಆಶ್ರಮದ ಗುರು. ಎಪ್ಪತ್ತು ದಾಟಿದ್ದರು. ಎರಡು ಹೊತ್ತು ಹೊಟ್ಟೆತುಂಬ ಉಣ್ಣುತ್ತಿದ್ದರು, ಕಡಿಮೆ ಮಾತಾಡುತ್ತಿದ್ದರು.

ಹಕ್ಕಿಗಳು ಆರು. ಮುಷ್ಟಿಯಲ್ಲಿ ಅಡಗುವಷ್ಟು ಸಣ್ಣ ಬಡ್ಜಿಗಳು: ಮೂರು ಹಸಿರು, ಎರಡು ನೀಲಿ, ಒಂದು ಹಳದಿ. ಹೊಸಪೇಟೆಯ ಭಕ್ತರೊಬ್ಬರು ಮನೆಯಲ್ಲಿ ಸಾಕಿ ಬೇಸರವಾಗಿ, ಪಂಜರದ ಸಮೇತ ಆಶ್ರಮಕ್ಕೆ ಅರ್ಪಿಸಿದ್ದರು. ಪೇಟೆಯಲ್ಲಿ ಅವಕ್ಕೆ ಲವ್ ಬರ್ಡ್ಸ್ ಎನ್ನುತ್ತಿದ್ದರು. ಆ ಹೆಸರು ಆಶ್ರಮಕ್ಕೆ ಒಪ್ಪುವುದಿಲ್ಲ ಎಂದು ಶಿಷ್ಯ ಪಂಪಯ್ಯ ಗಿಣಿಮರಿಗಳು ಎಂದು ಕರೆದ.

ಪಂಪಯ್ಯ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಗಣಿತ ಕಲಿಸಿ, ಅದರಲ್ಲಿ ಸತ್ಯ ಸಿಗಲಿಲ್ಲವೆಂದು ರಾಜೀನಾಮೆ ಕೊಟ್ಟು ಬಂದವನು. ಅಜ್ಜ ಎತ್ತಿದ ಕೈ, ಇಟ್ಟ ಹೆಜ್ಜೆ ಯಾವುದನ್ನೂ ಬಿಡದೆ ಗಮನಿಸುತ್ತಿದ್ದ. ಅಜ್ಜ ಕೆಮ್ಮಿದರೆ ಅದಕ್ಕೂ ಒಂದು ಅರ್ಥ ಇರುತ್ತಿತ್ತು.

ಅಜ್ಜ ದಿನಾ ಬೆಳಿಗ್ಗೆ ಪಂಜರದಿಂದ ಕಾಳಿನ ಬಟ್ಟಲನ್ನು ಹೊರಗೆ ತೆಗೆಯುತ್ತಿದ್ದರು. ಪೂರ್ವಕ್ಕೆ ತಿರುಗಿ, ಕಣ್ಣು ಮುಚ್ಚಿ, ಅದರ ಮೇಲೆ ಮೂರು ಸಲ ಊದುತ್ತಿದ್ದರು. ಆಮೇಲೆ ಡಬ್ಬಿಯಿಂದ ನವಣೆ ಹಾಕಿ ಬಟ್ಟಲನ್ನು ಒಳಗಿಡುತ್ತಿದ್ದರು. ಹಕ್ಕಿಗಳು ಮುಗಿಬೀಳುತ್ತಿದ್ದವು.

ಆ ಮೂರು ಉಸಿರಿನಲ್ಲಿ ಯಾವ ಮಂತ್ರವಿದೆ ಎಂದು ಪಂಪಯ್ಯ ಎರಡು ವರ್ಷದಿಂದ ಯೋಚಿಸುತ್ತಿದ್ದ. ಕೇಳಿರಲಿಲ್ಲ. ಅದು ಕೇಳಿ ಪಡೆಯುವಂಥದ್ದಲ್ಲ, ಕೊಟ್ಟಾಗ ತೆಗೆದುಕೊಳ್ಳುವಂಥದ್ದು ಎಂಬುದು ಅವನ ತಿಳುವಳಿಕೆ.

ಆ ವರ್ಷ ಅಜ್ಜನ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆ ಬಳ್ಳಾರಿಗೆ ಹೋಗಬೇಕಾಯಿತು. ಸೋಮವಾರ ಬೆಳಿಗ್ಗೆ ಬಟ್ಟಲಿಗೆ ಊದಿ, ಅಂಚಿನತನಕ ನವಣೆ ತುಂಬಿ, ಅಜ್ಜ ಬಸ್ಸಿಗೆ ಹೊರಟರು. ದಾರಿಯುದ್ದಕ್ಕೂ ಪಂಪಯ್ಯನಿಗೆ ಹಕ್ಕಿಗಳ ಬಗ್ಗೆಯೇ ಹೇಳಿದರು. ಪಂಜರ ತಗಡಿನ ಕೆಳಗೆ ಬೇಡ, ಬೇವಿನ ನೆರಳಿಗೆ ಇಡು. ಬಿಸಿಲು ಬರುವ ಕಡೆ ಹಸಿ ಗೋಣಿ ಕಟ್ಟು, ಗಾಳಿಗೆ ಒಂದು ಕಡೆ ಬಿಡು. ನೀರು ದಿನಕ್ಕೆ ಮೂರು ಸಲ ಬದಲಿಸು, ಮೀಯಲು ತಟ್ಟೆಯಲ್ಲಿ ಬೇರೆ ಇಡು. ಬೆಳಿಗ್ಗೆ ನಾಲ್ಕು ಎಳೆ ಕೊತ್ತಂಬರಿ. ಕತ್ತಲಾಗುವ ಮೊದಲು ಒಳಗೆ ತಾ, ಬೆಕ್ಕು ಇದೆ.

ಮತ್ತೆ ಊದುವುದು ಯಾರು ಎಂದು ಕೇಳಲು ಪಂಪಯ್ಯ ಬಾಯಿ ತೆರೆದ. ಬಸ್ಸು ಬಂತು.

ಹೇಳಿದ್ದರಲ್ಲಿ ಒಂದನ್ನೂ ಅವನು ತಪ್ಪಿಸಲಿಲ್ಲ. ಗೋಣಿ ಒಣಗಲು ಬಿಡಲಿಲ್ಲ. ನೀರು ಬೆಚ್ಚಗಾಗಲು ಬಿಡಲಿಲ್ಲ. ಉರಿಬಿಸಿಲಿನ ಹೊತ್ತಿನಲ್ಲಿ ಪಂಜರದ ಪಕ್ಕ ಕೂತು ಬೀಸಣಿಗೆ ಬೀಸಿದ. ಹಕ್ಕಿಗಳಿಗೆ ಅಷ್ಟು ತಂಪಾದ ಬೇಸಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಬಟ್ಟಲಿಗೆ ಮಾತ್ರ ಅವನು ಕೈ ಹಾಕಲಿಲ್ಲ. ಊದುವ ಅಧಿಕಾರ ತನಗಿಲ್ಲ. ಕಾಳು ಮುಗಿದಾಗ ನೋಡೋಣ ಎಂದುಕೊಂಡ.

ಕಾಳು ಮುಗಿಯಲಿಲ್ಲ. ಮಂಗಳವಾರ ಬಟ್ಟಲು ತುಂಬಿತ್ತು. ಬುಧವಾರವೂ ತುಂಬಿತ್ತು. ಗುರುವಾರ ಪಂಪಯ್ಯ ಒಂದು ಗಂಟೆ ಅಲ್ಲಾಡದೆ ಕೂತು ನೋಡಿದ. ಹಸಿರು ಹಕ್ಕಿಯೊಂದು ಬಟ್ಟಲಿನ ಅಂಚಿಗೆ ಬಂತು. ಕೊಕ್ಕು ಹಾಕಿತು. ಏನನ್ನೋ ಎತ್ತಿತು, ಬಿಟ್ಟಿತು. ಮತ್ತೆ ಎತ್ತಿತು, ಬಿಟ್ಟಿತು. ತಿರುಗಿ ಹೋಗಿ ಕೂತಿತು.

ಪಂಪಯ್ಯನಿಗೆ ಅರ್ಥವಾಗಿತ್ತು: ಸೋಮವಾರದ ಉಸಿರು ಸೋಮವಾರಕ್ಕೇ ಮುಗಿದಿತ್ತು.

ಅವತ್ತು ಮಧ್ಯಾಹ್ನ ಅವನು ಊಟ ಬಿಟ್ಟ. ನಾಲ್ಕು ತೊಲ ತೂಗದ ಜೀವ ಗುರುವಿನ ಉಸಿರಿಲ್ಲದ ಅನ್ನ ಬೇಡವೆನ್ನುವಾಗ ತಾನು ಹೇಗೆ ಉಣ್ಣಲಿ? ಅವು ಕಾಳು ಮುಟ್ಟುವತನಕ ತನಗೂ ನೀರೇ ಸಾಕು. ವ್ರತದಲ್ಲಿರುವವರ ಮುಂದೆ ಆಸೆ ಒಡ್ಡಬಾರದೆಂದು ಕೊತ್ತಂಬರಿಯನ್ನೂ ನಿಲ್ಲಿಸಿದ.

ಶುಕ್ರವಾರ ಸಂಜೆಗೆ ಮೂರು ಊರಿನ ಜನ ಸೇರಿದರು. ಕಾಯಿ ತಂದರು, ಹೂ ತಂದರು. ಹೊಗೆ ಹಕ್ಕಿಗಳಿಗೆ ಆಗದು ಎಂದು ಪಂಪಯ್ಯ ಊದುಬತ್ತಿಯನ್ನು ದೂರ ಇಡಿಸಿದ. ನಿವೃತ್ತ ತಹಸೀಲ್ದಾರರೊಬ್ಬರು ಕನ್ನಡಕ ಒರೆಸಿ ಹಾಕಿಕೊಂಡು ಬಟ್ಟಲನ್ನು ಬಗ್ಗಿ ನೋಡಿದರು. ತುಂಬಿದ್ದು ನಿಜ ಎಂದು ಪ್ರಮಾಣೀಕರಿಸಿದರು. ಓದಿದವರೇ ಹೇಳಿದ ಮೇಲೆ ಅನುಮಾನಕ್ಕೆ ಜಾಗ ಇರಲಿಲ್ಲ.

ಅನುಮಾನ ಇದ್ದದ್ದು ಸಾವಂತ್ರವ್ವನಿಗೆ. ಇಪ್ಪತ್ತು ವರ್ಷದಿಂದ ಆಶ್ರಮದ ಅಡಿಗೆ ಅವಳದು. ಒಗ್ಗರಣೆಯ ಘಾಟು ಹಕ್ಕಿಗಳಿಗೆ ಆಗದೆಂದು ಪಂಪಯ್ಯ ಅವಳನ್ನು ಪಂಜರದಿಂದ ಹತ್ತು ಮಾರು ಆಚೆ ಇಟ್ಟಿದ್ದ. ಶನಿವಾರ ಅವಳು ಆ ಹತ್ತು ಮಾರನ್ನು ದಾಟಿ ಬಂದಳು.

"ಇವಕ್ಕ ಆರಾಮಿಲ್ಲ," ಅಂದಳು.

"ವ್ರತದಾಗ ಅದಾವ."

"ಧಗಿ ಆದ್ರ ಹಕ್ಕಿ ಬಾಯಿ ತಗೀತಾವ, ರೆಕ್ಕಿ ಅಗಲ ಮಾಡ್ತಾವ. ಇವು ಮೈ ಉಬ್ಬಿಸಿಕೊಂಡು ಕುಂತಾವ, ಚಳಿ ಹತ್ತಿದವರಂಗ. ಇಂಥಾ ಬಿಸಿಲಾಗ ಯಾರಿಗೆ ಚಳಿ ಹತ್ತತೈತಿ, ತಮ್ಮಾ?"

ಪಂಪಯ್ಯ ಬೀಸಣಿಗೆ ಬೀಸಿದ. ಮಾತಿಗೂ ಶಕ್ತಿ ಬೇಕು. ಅವನದು ನೀರಿನ ಮೇಲೆ ಮೂರನೆಯ ದಿನ.

"ಆ ಬಟ್ಟಲ ಕೊಡು ಇಲ್ಲೆ. ನೋಡ್ತೀನಿ."

"ಅಜ್ಜಾರು ಊದಿಟ್ಟ ಬಟ್ಟಲ ಅದು. ಅವರು ಬರೂತನಕ ಯಾರೂ ಮುಟ್ಟಂಗಿಲ್ಲ."

ಸಾವಂತ್ರವ್ವ ವಾದ ಮಾಡಲಿಲ್ಲ. ಸೆರಗಿನಲ್ಲಿ ಮುಚ್ಚಿ ತಂದಿದ್ದ ಕೊತ್ತಂಬರಿ ಎಳೆಯನ್ನು ಸರಳಿನ ನಡುವೆ ತೂರಿಸಿದಳು. ಆರೂ ಹಕ್ಕಿಗಳು ಒಟ್ಟಿಗೆ ಬಿದ್ದವು. ಒಂದರ ತಲೆಯ ಮೇಲೆ ಒಂದು ಹತ್ತಿದವು. ಹಳದಿ ಹಕ್ಕಿಗೆ ಎಲೆ ಸಿಗಲಿಲ್ಲ, ಅದು ದಂಟನ್ನು ಹಿಡಿದು ಜಗ್ಗಿತು.

ಪಂಪಯ್ಯ ಆ ದಂಟನ್ನು ಹೊರಗೆ ಎಳೆದ. ಅವನ ಕಣ್ಣಲ್ಲಿ ನೀರಿತ್ತು. ಐದು ದಿನದ ತಪಸ್ಸನ್ನು ಒಂದು ಕಾಸಿನ ಸೊಪ್ಪಿಗೆ ಕೆಡಿಸಿದಿ ಅಂದ. ಆಮೇಲೆ ಪಂಜರದ ಬಾಗಿಲಿಗೆ ತಂತಿ ಸುತ್ತಿದ.

ಸಾವಂತ್ರವ್ವ ಚಪ್ಪಲಿ ಮೆಟ್ಟಿ, ಸುಡುಬಿಸಿಲಿನಲ್ಲಿ ಎರಡು ಮೈಲಿ ನಡೆದು ಬಸ್ಸಿನ ರಸ್ತೆಗೆ ಹೋದಳು. ಬಳ್ಳಾರಿ ಬಸ್ಸಿನ ಡ್ರೈವರನಿಗೆ ಆಸ್ಪತ್ರೆಯ ಹೆಸರು ಹೇಳಿ, ಒಂದೇ ಮಾತು ಕಳಿಸಿದಳು: ಹಕ್ಕಿ ಸಾಯಲಿಕ್ಕೆ ಹತ್ತಾವ, ಬರ್ರಿ.

ಭಾನುವಾರ ಬೆಳಿಗ್ಗೆ ಹಳದಿ ಹಕ್ಕಿ ಪಂಜರದ ತಳದಲ್ಲಿ ಬೆನ್ನ ಮೇಲಾಗಿ ಬಿದ್ದಿತ್ತು.

ಅದಕ್ಕೆ ವಿಭೂತಿ ಹಚ್ಚಿದರು. ಬಿಲ್ವಪತ್ರೆ ಹಾಸಿದರು. ಬೇವಿನ ಬುಡದಲ್ಲಿ ಗುಂಡಿ ತೆಗೆದು ಮಣ್ಣು ಮಾಡಿ, ಮೇಲೆ ಚೆಂಡುಹೂ ಸುರಿದರು. ಗುರುಭಕ್ತಿಯಲ್ಲಿ ಐಕ್ಯವಾದ ಹಕ್ಕಿ ಎಂದರು. ಅಲ್ಲೊಂದು ಕಟ್ಟೆ ಕಟ್ಟಿಸುವ ಮಾತೂ ಆಯಿತು. ಪಂಪಯ್ಯ ಗುಂಡಿಯ ಪಕ್ಕದಲ್ಲಿ ಕೂತವನು ಏಳಲಿಲ್ಲ. ಉಳಿದ ಐದು ಮೈ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ ಕೂತಿದ್ದವು. ಹೊತ್ತು ಏರುತ್ತ ಒಂದು ನೀಲಿ ಹಕ್ಕಿ ಕೋಲಿನಿಂದ ಕೆಳಗಿಳಿಯಿತು. ಮತ್ತೆ ಮೇಲೆ ಹತ್ತಲಿಲ್ಲ.

ಮಧ್ಯಾಹ್ನ ಎರಡಕ್ಕೆ ಅಜ್ಜ ಬಂದರು.

ಒಂದು ಕಣ್ಣಿಗೆ ಪಟ್ಟಿ ಇತ್ತು. ಧೂಳಿಗೆ ಹೋಗಬೇಡಿ, ತಲೆ ಬಗ್ಗಿಸಬೇಡಿ, ಇನ್ನೆರಡು ದಿನ ಮಲಗಿರಿ ಎಂದು ಡಾಕ್ಟರು ಹೇಳಿದ್ದರು. ಅಜ್ಜ ಎದ್ದು ಬಸ್ಸು ಹತ್ತಿದ್ದರು. ಜನ ದಾರಿ ಬಿಟ್ಟರು.

ಪಂಪಯ್ಯ ಏಳಲು ಹೋಗಿ ಬಿದ್ದ. ಬಿದ್ದಲ್ಲಿಂದಲೇ ಪಾದ ಮುಟ್ಟಿದ.

"ನಿಮ್ಮನ್ನ ಕಾದಾವ್ರಿ ಅಜ್ಜಾರ. ನೀವು ಊದಲಿಲ್ಲಂತ ಒಂದ ಕಾಳ ಮುಟ್ಟಿಲ್ಲ."

ಅಜ್ಜ ಪಂಜರವನ್ನು ಒಂದೇ ಕಣ್ಣಲ್ಲಿ ನೋಡಿದರು. ಎಣಿಸಿದರು.

"ಹಳದೀದು?"

"ಐಕ್ಯ ಆತ್ರಿ."

ಅಜ್ಜ ಚೆಂಡುಹೂವಿನ ಗುಪ್ಪೆಯ ತನಕ ಹೋದರು. ನಿಂತರು.

"ಇಂವ ಕೇಳಲಿಲ್ಲ," ಅಂದರು. "ನಾ ಹೇಳಲಿಲ್ಲ."

ಮಾತು ಗಹನವಾಗಿದೆ ಎಂದು ಜನರಿಗೆ ಅನ್ನಿಸಿತು. ತಹಸೀಲ್ದಾರರು ಅದನ್ನು ಡೈರಿಯಲ್ಲಿ ಬರೆದುಕೊಂಡರು.

ಅಜ್ಜ ತಾವೇ ತಂತಿ ಬಿಚ್ಚಿ ಬಟ್ಟಲನ್ನು ಹೊರಗೆ ತೆಗೆದರು. ಜನ ಕೈ ಮುಗಿದು, ತಲೆ ತಗ್ಗಿಸಿ, ಕಣ್ಣು ಮುಚ್ಚಿದರು. ಪಂಪಯ್ಯ ಎಲ್ಲರಿಗಿಂತ ಬಿಗಿಯಾಗಿ ಮುಚ್ಚಿದ. ಅಜ್ಜ ಪಟ್ಟಿಯ ಮೇಲೆ ಒಂದು ಕೈ ಅಡ್ಡ ಇಟ್ಟುಕೊಂಡು ಊದಿದರು. ಅವತ್ತು ಮೂರು ಸಲಕ್ಕೆ ಮುಗಿಯಲಿಲ್ಲ. ಊದಿದರು, ಉಸಿರು ತೆಗೆದುಕೊಂಡರು, ಮತ್ತೆ ಊದಿದರು.

ಕಣ್ಣು ತೆರೆದು ನಿಂತಿದ್ದವಳು ಸಾವಂತ್ರವ್ವ ಒಬ್ಬಳೇ. ಅವಳು ನೋಡಿದಳು. ನೋಡಿ, ಮೆಟ್ಟಿಲ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಜ್ಜ ಡಬ್ಬಿಯಿಂದ ನವಣೆ ಸುರಿದರು. ಒಂದು ಹಿಡಿಯಲ್ಲ, ನಾಲ್ಕು. ಬಟ್ಟಲನ್ನು ಒಳಗಿಟ್ಟರು.

ಯಾವ ಹಕ್ಕಿಯೂ ಅಲ್ಲಾಡಲಿಲ್ಲ. ಜನ ಉಸಿರು ಹಿಡಿದಿದ್ದರು. ಆಮೇಲೆ ಹಸಿರು ಹಕ್ಕಿಯೊಂದು ಇಳಿಯಿತು. ಕೊಕ್ಕು ಹಾಕಿತು. ಕಟ್ ಎಂದು ಕಾಳು ಒಡೆದ ಸದ್ದು ಅಷ್ಟು ಜನರ ನಡುವೆ ಕೇಳಿಸಿತು. ಇನ್ನೆರಡು ಇಳಿದವು. ನಾಲ್ಕನೆಯದೂ ಬಂತು.

ತಳದಲ್ಲಿದ್ದ ನೀಲಿ ಹಕ್ಕಿ ಏಳಲಿಲ್ಲ. ಅಜ್ಜ ಅದನ್ನು ಅಂಗೈ ಮೇಲೆ ತೆಗೆದುಕೊಂಡರು. ಒಂದು ಬೆರಳನ್ನು ನೀರಿಗೆ ಅದ್ದಿ ಕೊಕ್ಕಿಗೆ ಹಚ್ಚಿದರು. ನವಣೆಯನ್ನು ನೆನೆಸಿ ಮುಂದಿಟ್ಟರು. ಬಹಳ ಹೊತ್ತು ಏನೂ ಆಗಲಿಲ್ಲ. ಹಸಿ ಗೋಣಿಯಿಂದ ಬೀಳುವ ಹನಿಯನ್ನು ಎಣಿಸಬಹುದಿತ್ತು.

ಹಕ್ಕಿ ಒಂದು ಕಾಳು ಎತ್ತಿತು. ಸ್ವಲ್ಪ ತಡೆದು ಇನ್ನೊಂದು.

ಜಯಘೋಷ ಹೊಳೆಯ ಆಚೆ ದಂಡೆಗೆ ಮುಟ್ಟಿತು. ಇಷ್ಟು ದಿನ ನಂಬಿಕೆ ಇತ್ತು, ಈಗ ಸಾಕ್ಷಿಯೂ ಸಿಕ್ಕಿತ್ತು. ಅಜ್ಜ ಕೈ ಎತ್ತಿ ಎಲ್ಲರನ್ನೂ ಮನೆಗೆ ಹೋಗಲು ಹೇಳಿದರು. ಹಕ್ಕಿಗಳಿಗೆ ಗದ್ದಲ ಆಗದು ಎಂದರು.

ಸಾವಂತ್ರವ್ವ ಗಂಜಿ ತಂದಳು. ಪಂಪಯ್ಯ ಗಂಜಿ ಮುಟ್ಟಲಿಲ್ಲ.

"ನಾಳೆ ನೀವು ಮತ್ತೆಲ್ಲಾದ್ರೂ ಹೋದ್ರ ಇವು ಮತ್ತ ಸಾಯ್ತಾವ್ರಿ," ಅಂದ. "ನನಗ ಯೋಗ್ಯತಾ ಇಲ್ಲ, ಗೊತ್ತೈತಿ. ಆದ್ರೂ ಆ ಮಂತ್ರ ಕೊಡ್ರಿ. ಇನ್ನೊಂದನ್ನ ಮಣ್ಣು ಮಾಡೂದು ನನ್ನಿಂದ ಆಗಂಗಿಲ್ಲ."

ಅಜ್ಜ ಅವನ ಮುಖವನ್ನು ನೋಡಿದರು. ನಾಲ್ಕು ದಿನದಲ್ಲಿ ಕೆನ್ನೆ ಒಳಗೆ ಹೋಗಿತ್ತು.

"ಮೊದಲ ಗಂಜಿ ಕುಡಿ. ಮುಂಜಾನೆ ಕೊಡ್ತೀನಿ."

"ಕೊಡ್ರಿ ಕೊಡ್ರಿ," ಅಂದಳು ಸಾವಂತ್ರವ್ವ ಒಲೆಯ ಕಡೆ ತಿರುಗಿ. "ಮಾಸ್ತರಿಗೆ ಲಗೂನ ಕೊಡ್ರಿ."

ಬೆಳಿಗ್ಗೆ ಪಂಪಯ್ಯ ಹೊಳೆಯ ಉಳಿದ ನೀರಿನಲ್ಲಿ ಮಿಂದು, ವಿಭೂತಿ ಧರಿಸಿ, ಒಗೆದ ಪಂಚೆ ಉಟ್ಟು ಬಂದ. ಪಂಜರದಲ್ಲಿ ಐದೂ ಕೋಲಿನ ಮೇಲಿದ್ದವು. ಗದ್ದಲ ಮಾಡುತ್ತಿದ್ದವು. ನಿನ್ನೆಯ ಬಟ್ಟಲು ಇವತ್ತೂ ತುಂಬಿದಂತೆಯೇ ಕಾಣುತ್ತಿತ್ತು.

ಅಜ್ಜ ಅದನ್ನು ತೆಗೆದು ಅವನ ಎರಡು ಕೈಯಲ್ಲಿ ಇಟ್ಟರು. ತುಂಬಿದ ಬಟ್ಟಲು ಇಷ್ಟು ಹಗುರವೇ ಎಂದು ಪಂಪಯ್ಯನಿಗೆ ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದನ್ನು ಬದಿಗಿಟ್ಟ. ಅಜ್ಜ ಅವನ ಹೆಗಲು ಹಿಡಿದು ಪೂರ್ವಕ್ಕೆ ತಿರುಗಿಸಿದರು. ಹಿಂದಿನಿಂದ ಪಡುವಣ ಗಾಳಿ ಬೀಸುತ್ತಿತ್ತು.

"ಊದು."

ಪಂಪಯ್ಯ ಕಣ್ಣು ಮುಚ್ಚಿದ. ಮತ್ತೆ ಕಣ್ಣು ತೆರೆದ.

"ಊದುವಾಗ ಮನಸಿನಾಗ ಏನಂತ ಅನಬೇಕ್ರಿ, ಅಜ್ಜಾರ?"

"ಏನೂ ಅನಬ್ಯಾಡ," ಅಂದರು ಅಜ್ಜ. "ಅದು ಹೊಟ್ಟು."